ಹನ್ನೆರಡನೆಯ ಚೌಕ

ಚಿತ್ರ ಬರೆಯುವವರಲ್ಲಿ ಎರಡು ಜಾತಿ. ಕಂಡದ್ದನ್ನು ಬರೆಯುವವರದು ಒಂದು, ಬರೆಯಲು ಬರುವುದನ್ನು ಮಾತ್ರ ಕಾಣುವವರದು ಇನ್ನೊಂದು. ಶ್ಯಾಮಸುಂದರ ಎರಡನೆಯ ಜಾತಿಯವನೆಂದು ಪ್ರೊಫೆಸರ್ ಲಿಂಡ್ನರ್ ಮೊದಲ ತಿಂಗಳಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು. ಅವತ್ತು ಅವನಿಗೆ ಊಟ ಸೇರಲಿಲ್ಲ. ಮೈಸೂರಿನಲ್ಲಿ ಅಂಗಡಿ ಬೋರ್ಡು, ಗೋಡೆ ಕ್ಯಾಲೆಂಡರು ಬರೆದು ಕೈ ಪಳಗಿಸಿಕೊಂಡವನು. ಅವನು ಬರೆದ ಲಕ್ಷ್ಮಿಯ ಮುಂದೆ ಜನ ನಿಜವಾಗಿ ಊದುಬತ್ತಿ ಹಚ್ಚಿದ್ದುಂಟು. ಅಂಥವನು ಸ್ಕಾಲರ್‌ಶಿಪ್ಪು ಹಿಡಿದು 1970ರಲ್ಲಿ ಮ್ಯಾನ್‌ಹೈಮಿನ ಕಲಾಶಾಲೆಗೆ ಬಂದಿಳಿದರೆ, ಇಲ್ಲಿಯ ಮೇಷ್ಟರು ಅವನ ಕಣ್ಣೇ ಸರಿಯಿಲ್ಲ ಅನ್ನುವುದೆ?

ಆ ಶಾಲೆಯಲ್ಲಿ ಮೊದಲ ವರ್ಷವೆಂದರೆ ಒರೆಗಲ್ಲು. ವರ್ಷದ ಕೊನೆಗೆ ಒಂದು ಕೆಲಸ ಮಾಡಿ ತೋರಿಸಬೇಕು. ಮೆಚ್ಚಿಗೆಯಾದರೆ ಇನ್ನೂ ಮೂರು ವರ್ಷ ಓದು, ಇಲ್ಲವಾದರೆ ಪೆಟ್ಟಿಗೆ ಕಟ್ಟಿಕೊಂಡು ಊರಿನ ದಾರಿ. ಆ ವರ್ಷ ಲಿಂಡ್ನರ್ ಕೊಟ್ಟ ಕೆಲಸ ಕೇಳುವುದಕ್ಕೆ ಮಕ್ಕಳಾಟದ ಹಾಗಿತ್ತು: ನಿಮ್ಮ ಊರಿನ ಒಂದು ಅಡುಗೆಯನ್ನು ಪೋಸ್ಟರಿನ ಮೇಲೆ ಚಿತ್ರದಲ್ಲಿ ಹೇಳಿ. ಒಂದು ಅಕ್ಷರ ಇರಕೂಡದು, ಒಂದು ಅಂಕಿಯೂ ಇರಕೂಡದು. ಪರೀಕ್ಷೆಯ ದಿನ ಶಾಲೆಯ ಮೆನ್ಸಾದಲ್ಲಿ, ಅಂದರೆ ಊಟದ ಹಾಲಿನಲ್ಲಿ, ಅಡುಗೆಯ ಯಜಮಾನಿ ಫ್ರೌ ಹಾಬರ್ ಆ ಪೋಸ್ಟರನ್ನು ಮೊದಲ ಸಲ ನೋಡುತ್ತಾಳೆ. ನೋಡಿಕೊಂಡೇ ಅಡುಗೆ ಮಾಡುತ್ತಾಳೆ. ಚಿತ್ರದಲ್ಲಿ ಇದ್ದದ್ದನ್ನು ಮಾಡುತ್ತಾಳೆ, ಇಲ್ಲದ್ದನ್ನು ಮಾಡುವುದಿಲ್ಲ. ಆಮೇಲೆ ಲಿಂಡ್ನರ್ ತಿನ್ನುತ್ತಾರೆ. ತಿಂದು, ಒಂದು ಚೀಟಿಗೆ ರುಜು ಹಾಕುತ್ತಾರೆ ಅಥವಾ ಹಾಕುವುದಿಲ್ಲ. ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು: ವಿದ್ಯಾರ್ಥಿಯ ಹೆಸರು, ಕೆಲಸ ಕಲಿಸಿದವರ ಹೆಸರು, ರುಜು.

ಶ್ಯಾಮಸುಂದರ ಆರಿಸಿಕೊಂಡದ್ದು ಚಿತ್ರಾನ್ನ. ಹೆಸರಲ್ಲೇ ಚಿತ್ರವಿದೆ ಎಂದು ನಗುವವರು ನಗಲಿ, ಅವನ ಲೆಕ್ಕ ಬೇರೆ. ಅಕ್ಕಿ, ನಿಂಬೆಹಣ್ಣು, ಕಡಲೆಕಾಯಿ ಬೀಜ ಮ್ಯಾನ್‌ಹೈಮಿನ ಸಂತೆಯಲ್ಲೇ ಸಿಗುತ್ತವೆ, ಉಪ್ಪಿನಕಾಯಿಗೆಂದು ಜರ್ಮನರು ಇಟ್ಟುಕೊಳ್ಳುವ ಸಾಸಿವೆ, ಅರಿಸಿನವೂ ಸಿಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಆ ಹಳದಿ ದೂರಕ್ಕೇ ಕಣ್ಣಿಗೆ ಹೊಡೆಯುತ್ತದೆ. ಅಡುಗೆ ಆರಿಸುವಾಗಲೂ ಅವನು ನೋಡಿದ್ದು ಬಣ್ಣವನ್ನೇ ಹೊರತು ಬಾಣಲೆಯನ್ನಲ್ಲ ಅನ್ನುವುದನ್ನು ನೀವು ಗಮನಿಸಬೇಕು.

ಮೊದಲು ಮಾಡಿದ ಕರಡನ್ನು ಲಿಂಡ್ನರ್ ಮೇಜಿನ ಆಚೆಗೆ ತಳ್ಳಿದರು. "ಅಕ್ಕಿ ಚೆನ್ನಾಗಿದೆ, ನಿಂಬೆಹಣ್ಣು ಬಹಳ ಚೆನ್ನಾಗಿದೆ. ಆದರೆ ಇದರಲ್ಲಿ ಯಾರೂ ಅಡುಗೆ ಮಾಡುತ್ತಿಲ್ಲ. ಎಷ್ಟು ಅಕ್ಕಿ? ಎಷ್ಟು ಉಪ್ಪು? ನೀವು ಯಾರಾದರೂ ಇದನ್ನು ಮಾಡುವಾಗ ಕೂತು ನೋಡಿದ್ದೀರಾ?"

ನೋಡಿರಲಿಲ್ಲ. ಇಪ್ಪತ್ಮೂರು ವರ್ಷ ತಿಂದಿದ್ದ, ಅಷ್ಟೇ.

ಮ್ಯಾನ್‌ಹೈಮಿನಲ್ಲಿ ಚಿತ್ರಾನ್ನ ನೋಡಬೇಕೆಂದರೆ ಹೋಗಬೇಕಾದ ಮನೆ ಒಂದೇ, ಡಾಕ್ಟರ್ ಅಶ್ವತ್ಥನಾರಾಯಣರದು. ಹಾಸನದ ಕಡೆಯವರು, ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟು, ಬಂದು ಒಂಬತ್ತು ವರ್ಷವಾಗಿತ್ತು. ಅವರ ಹೆಂಡತಿ ಕಲ್ಯಾಣಿ ಭಾನುವಾರದ ಊಟಕ್ಕೆ ಸುತ್ತಮುತ್ತಲ ಕನ್ನಡದ ಹುಡುಗರಿಗೆಲ್ಲ ಬಾಗಿಲು ತೆರೆದಿಟ್ಟಿದ್ದರು. ಶ್ಯಾಮಸುಂದರನೂ ವರ್ಷಪೂರ್ತಿ ಅಲ್ಲಿ ಉಂಡವನೇ. ಅಡುಗೆಮನೆಯ ಹೊಸ್ತಿಲು ಮಾತ್ರ ಒಮ್ಮೆಯೂ ದಾಟಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಸ್ಕೆಚ್ ಪುಸ್ತಕ ಹಿಡಿದು ಹೋಗಿ ನಿಂತ.

"ಅಕ್ಕಾ, ಇವತ್ತು ಚಿತ್ರಾನ್ನ ಮಾಡ್ಬೇಕು. ನಾನು ಪಕ್ಕದಲ್ಲೇ ಕೂತು ನೋಡ್ಬೇಕು."

"ನೋಡೋಕೇನಿದ್ಯಪ್ಪಾ ಅದ್ರಲ್ಲಿ? ಸ್ಟೂಲ್ ಎಳ್ಕೊಂಡು ಕೂತ್ಕೋ. ಚಕ್ಕಳಮಕ್ಕಳ ಹಾಕ್ಬೇಡ, ಕಾಲು ಅಡ್ಡ ಬರತ್ತೆ" ಎಂದರು ಕಲ್ಯಾಣಿ.

ಕೂತ. ಕೂತ ಮೇಲೆ ಅವನಿಗೆ ಆದದ್ದನ್ನು ಏನೆಂದು ಹೇಳಲಿ? ಕುರುಡನಿಗೆ ಕಣ್ಣು ಬಂತು ಎಂದರೆ ಅತಿಯಾದೀತು. ಕಣ್ಣಿದ್ದವನು ಮೊದಲ ಸಲ ಅದನ್ನು ತೆರೆದ ಅನ್ನೋಣ. ಕಲ್ಯಾಣಿ ತೊಳೆದ ಅಕ್ಕಿಯ ಮೇಲೆ ನೀರು ಹಾಕಿ, ತೋರುಬೆರಳಿನ ತುದಿಯನ್ನು ಅಕ್ಕಿಗೆ ತಾಗಿಸಿ ನಿಲ್ಲಿಸಿದರು. ನೀರು ಮೊದಲ ಗೆಣ್ಣಿಗೆ ಸರಿಯಾಗಿ ಬಂದು ನಿಂತಿತು. ಬೆಂದ ಅನ್ನವನ್ನು ಅಗಲವಾದ ತಟ್ಟೆಗೆ ಬಗ್ಗಿಸಿ, ಒಂದು ಅಗುಳೂ ಮುರಿಯದ ಹಾಗೆ ಬೆರಳ ಬೆನ್ನಿನಿಂದ ಹರಡಿದರು. ಎಣ್ಣೆ ಕಾಯಿತೋ ಇಲ್ಲವೋ ಎಂದು ಬಗ್ಗಿ ನೋಡಲಿಲ್ಲ. ಸಾಸಿವೆಯ ಒಂದೇ ಕಾಳು ಹಾಕಿದರು, ಅದು ಚಟ್ ಎಂದಿತು, ಉಳಿದದ್ದನ್ನು ಸುರಿದರು. ಕಡಲೆಕಾಯಿ ಬೀಜ ಕೆಂಪಾಗುವ ಹೊತ್ತಿನಲ್ಲಿ ಕಿಟಕಿಯ ಕಡೆ ತಿರುಗಿ ಯಾವುದೋ ಹಾಡು ಗುನುಗುತ್ತಿದ್ದವರು, ಬೀಜ ಸೀಯುವುದಕ್ಕೆ ಒಂದು ಗಳಿಗೆ ಮೊದಲು ಕೈ ಹಿಂದಕ್ಕೆ ಚಾಚಿ ಬಾಣಲೆ ಇಳಿಸಿದರು. ಶ್ಯಾಮಸುಂದರ ಪೆನ್ಸಿಲು ಓಡಿಸುವುದನ್ನೇ ಮರೆತ. ಅವನಿಗೆ ನಾಚಿಕೆಯೂ ಆಯಿತು. ತಾಯಿ, ಅಜ್ಜಿ, ಸೋದರತ್ತೆ, ಎಲ್ಲರೂ ಹೀಗೇ ಮಾಡಿರಬೇಕು, ತಾನು ಗೋಡೆಯ ಈಚೆ ಕೂತು ತಟ್ಟೆ ಬಡಿಯುತ್ತಿದ್ದ.

ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ ಅವನು ಎಚ್ಚೆತ್ತ. "ಎಷ್ಟು ಅಕ್ಕಾ ಅದು?"

"ಇಷ್ಟು" ಎಂದು ಕಲ್ಯಾಣಿ ಅಂಗೈ ಚಾಚಿದರು.

ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದ ಅಶ್ವತ್ಥನಾರಾಯಣರು ನಕ್ಕರು. "ಕೇಳಿದ್ಯೇನಯ್ಯ? ಇಷ್ಟು! ಒಂಬತ್ತು ವರ್ಷದಿಂದ ಹೇಳ್ತಿದೀನಿ, ಒಂದು ಮೆಷರಿಂಗ್ ಸ್ಪೂನ್ ತಗೊಳ್ಳೇ ಅಂತ. ಎಲ್ಲಾ ಅಂದಾಜು. ಪ್ಯೂರ್ ಗೆಸ್‌ವರ್ಕ್!"

"ಅಂದಾಜಿನ ಅಡುಗೇನೇ ಒಂಬತ್ತು ವರ್ಷದಿಂದ ತಿಂತಿದೀರಲ್ಲ, ಏನಾಗಿದೆ ನಿಮಗೆ?" ಎಂದರು ಕಲ್ಯಾಣಿ, ತಿರುಗಿಯೂ ನೋಡದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಡಾಕ್ಟರರ ಪಾಡು ಅದೇ. ಹೆಂಡತಿಯ ತಪ್ಪನ್ನು ಸಾಬೀತು ಮಾಡಿಯೇ ತೀರುತ್ತೇನೆಂದು ಮುಂದಿನ ಭಾನುವಾರಕ್ಕೆ ಲ್ಯಾಬಿನಿಂದ ಗಾಜಿನ ಪೆಟ್ಟಿಗೆಯ ಹಳೆಯ ತಕ್ಕಡಿಯೊಂದನ್ನು ಕೇಳಿ ತಂದರು. ಊಟದ ಮೇಜಿನ ಮೇಲೆ ಅದನ್ನಿಟ್ಟು, ಪೆನ್ನು ಹಿಡಿದು ಕೂತರು. "ನೋಡೇ, ಎರಡು ಲೋಟ ಅಕ್ಕಿ ಚಿತ್ರಾನ್ನಕ್ಕೆ ಎಷ್ಟು ಉಪ್ಪು ಹಾಕ್ತೀಯೋ ಅಷ್ಟು ತೆಗೆದು ಇದರಲ್ಲಿ ಹಾಕು. ಹತ್ತು ಸಲ."

ಮೊದಲ ಸಲ ಹನ್ನೊಂದು ಗ್ರಾಮು. ಎರಡನೆಯ ಸಲ ಹನ್ನೊಂದಕ್ಕೆ ಒಂದು ಚೂರು ಹೆಚ್ಚು. ಮೂರನೆಯದು ಒಂದು ಚೂರು ಕಡಿಮೆ. ಡಾಕ್ಟರರು ನಡುವೆ ಬೇಕೆಂದೇ ಊರಿನ ಸುದ್ದಿ ತೆಗೆದು ಮಾತಿಗೆಳೆದರು, ಕಲ್ಯಾಣಿ ಉತ್ತರ ಕೊಡುತ್ತಲೇ ಉಪ್ಪು ಹಾಕಿದರು. ಕಣ್ಣು ಮುಚ್ಚಿಕೋ ಅಂದರು, ಮುಚ್ಚಿಕೊಂಡರು. ಹತ್ತೂ ಸಲ ಮುಳ್ಳು ಹನ್ನೊಂದರ ಅಕ್ಕಪಕ್ಕ ಬಿಟ್ಟು ಕದಲಲಿಲ್ಲ. ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು, ಅದು ಕೊಳೆಯಾಗಿರಲಿಲ್ಲ. "ನಮ್ ಲ್ಯಾಬಲ್ಲಿ ಯಾರ ಕೈಗೂ ಈ ಅಕ್ಯುರಸಿ ಇಲ್ಲ" ಎಂದರು, ಶ್ಯಾಮಸುಂದರನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಆ ಗಂಡಸಿಗೆ ಅವತ್ತು ಧೈರ್ಯ ಸಾಲಲಿಲ್ಲ.

"ದೊಡ್ಡಸ್ತಿಕೆ ಏನಿದೆ ಇದ್ರಲ್ಲಿ?" ಎಂದು ಕಲ್ಯಾಣಿ ಕೈ ಕೊಡವಿಕೊಂಡರು. "ನಮ್ಮತ್ತೆಗೆ ಕಡೇ ಕಾಲದಲ್ಲಿ ಕಣ್ಣೇ ಕಾಣ್ತಿರ್ಲಿಲ್ಲ. ಅವರೂ ಹೀಗೇ ಹಾಕ್ತಿದ್ರು. ಇನ್ನು ಮೇಜು ಖಾಲಿ ಮಾಡಿ, ದೇವರಿಗೆ ಇಟ್ಟು ಬಡಿಸ್ತೀನಿ."

ಅಂಕಿ ಬರೆಯುವ ಹಾಗಿಲ್ಲ, ಹನ್ನೊಂದು ಗ್ರಾಮು ಗೊತ್ತಾಗಿ ಏನುಪಯೋಗ? ಆದರೆ ಶ್ಯಾಮಸುಂದರನಿಗೆ ಆಗ ಹೊಳೆಯಿತು: ಅಳತೆ ಅಂದರೆ ಈ ಕೈಯೇ. ಇದನ್ನು ಇದ್ದಷ್ಟೇ ಗಾತ್ರದಲ್ಲಿ ಬರೆಯಬೇಕು. ಆರು ಭಾನುವಾರ ಕೂತು ಬರೆದ. ಲೋಟ ನಿಜವಾದ ಲೋಟದಷ್ಟು, ಬೆರಳು ನಿಜವಾದ ಬೆರಳಿನಷ್ಟು, ಅಂಗೈಯ ಗುಳಿಯಲ್ಲಿ ಉಪ್ಪಿನ ಗುಡ್ಡೆ ನಿಜವಾದಷ್ಟೇ. ಕಲ್ಯಾಣಿಯ ಕೈಯ ಮೇಲೆ ಹಿಂದೆಂದೋ ಎಣ್ಣೆ ಸಿಡಿದ ಮಚ್ಚೆಯೊಂದಿತ್ತು, ಅದನ್ನೂ ಬಿಡಲಿಲ್ಲ. ಕೊನೆಗೆ ಬಡಿಸಿದ ತಟ್ಟೆಯನ್ನು ನೋಡಿ ಹಳದಿಯನ್ನು ಸರಿಮಾಡಿಕೊಳ್ಳಲು ಕೂತಾಗ, ತಟ್ಟೆಯ ಅಂಚಿನಲ್ಲಿ ಎಂದಿನಂತೆ ಕಲ್ಯಾಣಿ ಇಟ್ಟಿದ್ದ ಚಿಟಿಕೆ ಉಪ್ಪು ಕಣ್ಣಿಗೆ ಅಡ್ಡಿಯಾಯಿತೆಂದು ಬೆರಳಲ್ಲಿ ಒರೆಸಿ ಹಾಕಿದ.

ಪೋಸ್ಟರು ಬಾಗಿಲಿನಷ್ಟು ದೊಡ್ಡದಾಯಿತು. ಸಾಲಿಗೆ ಮೂರರಂತೆ ಹನ್ನೆರಡು ಚೌಕ. ಕೆಲಸಗಳು ಮಾತ್ರ ಹನ್ನೊಂದೇ. ಅಕ್ಕಿಯಿಂದ ಹಿಡಿದು ಕೈಯಲ್ಲಿ ಕಲಸುವವರೆಗೆ ಎಲ್ಲ ಬಂದಿದೆ, ಕೊನೆಯ ಚೌಕ ಖಾಲಿ ಉಳಿಯಿತು. ಹಳೆಯ ಕ್ಯಾಲೆಂಡರ್ ಬುದ್ಧಿ ಎಲ್ಲಿ ಹೋಗುತ್ತದೆ? ಇಂಡಿಯಾದವನ ಪೋಸ್ಟರಿನಲ್ಲಿ ಆನೆ ಇರದಿದ್ದರೆ ಜರ್ಮನರಿಗೆ ಸಮಾಧಾನವಾಗಲಿಕ್ಕಿಲ್ಲ ಎಂದು, ಅಂಬಾರಿ ಹೊತ್ತ ಒಂದು ಆನೆ ಬರೆದು ತುಂಬಿಸಿದ.

ಜುಲೈ ತಿಂಗಳ ಒಂದು ಶುಕ್ರವಾರ ಪರೀಕ್ಷೆ. ಒಬ್ಬೊಬ್ಬ ವಿದ್ಯಾರ್ಥಿ ಇಬ್ಬರನ್ನು ಕರೆತರಬಹುದಿತ್ತು. ಡಾಕ್ಟರರು ರಜೆ ಹಾಕಿ ಬಂದರು. ಕಲ್ಯಾಣಿ ರೇಷ್ಮೆ ಸೀರೆಯ ಮೇಲೆ ಬೂದು ಬಣ್ಣದ ಕೋಟು ತೊಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಅವರಿಗೆ ಬರುತ್ತಿದ್ದ ಜರ್ಮನ್ ಭಾಷೆ ಅಂಗಡಿ ಬೀದಿಗೆ ಸಾಕಾಗುವಷ್ಟು, ಪರೀಕ್ಷೆಗಲ್ಲ.

ಫ್ರೌ ಹಾಬರ್ ಅಂದರೆ ಆಳೆತ್ತರದ ಗಟ್ಟಿ ಹೆಂಗಸು, ಮೂವತ್ತು ವರ್ಷ ದೊಡ್ಡ ಅಡುಗೆಮನೆಗಳನ್ನು ಆಳಿದವಳು. ಶ್ಯಾಮಸುಂದರನಿಗಿಂತ ಮೊದಲಿನವನು ಆಲೂಗಡ್ಡೆಯ ದೋಸೆ ಬರೆದಿದ್ದ, ಮಗುಚಿ ಹಾಕುವುದನ್ನು ಬರೆಯಲು ಮರೆತಿದ್ದ. ಫ್ರೌ ಹಾಬರ್ ಮಗುಚಲಿಲ್ಲ. ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ. ಲಿಂಡ್ನರ್ ಅದನ್ನು ಒಂದು ತುತ್ತು ತಿಂದು, ಚೀಟಿಯನ್ನು ರುಜುವಿಲ್ಲದೆ ಮಡಿಸಿಟ್ಟರು.

ಅವನ ಪೋಸ್ಟರು ಗೋಡೆಗೇರಿದಾಗ ಹಾಲಿನಲ್ಲಿ ಗುಜುಗುಜು ನಿಂತಿತು. ಅದು ಅಂಥ ಚಿತ್ರ. ಫ್ರೌ ಹಾಬರ್ ಹತ್ತಿರ ಬಂದು ಕೈಗಳನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಎಣ್ಣೆ ಸಿಡಿದ ಮಚ್ಚೆಯ ಮೇಲೆ ಬೆರಳಿಟ್ಟು, ತನ್ನ ಮೊಣಕೈಯ ಹತ್ತಿರ ಇದ್ದ ಅಂಥದೇ ಮಚ್ಚೆಯನ್ನು ಸವರಿಕೊಂಡಳು. ಆಮೇಲೆ ಕೆಲಸಕ್ಕಿಳಿದಳು. ಅಕ್ಕಿಯ ನೀರಿಗೆ ಬೆರಳು ಇಳಿಬಿಟ್ಟು ಗೆಣ್ಣು ನೋಡಿ ಗಟ್ಟಿಯಾಗಿ ನಕ್ಕಳು. ಸಾಸಿವೆಯ ಒಂದು ಕಾಳು ಹಾಕಿ ಕಿವಿಗೊಟ್ಟಳು.

"ಕೈಗುಣ ಇದೆ ಆಕೆಗೆ" ಎಂದರು ಕಲ್ಯಾಣಿ ಪಿಸುಮಾತಿನಲ್ಲಿ.

ಉಪ್ಪಿನ ಚೌಕಕ್ಕೆ ಬಂದಾಗ ಫ್ರೌ ಹಾಬರ್ ಅಂಗೈ ತುಂಬ ಉಪ್ಪು ತೆಗೆದು, ಚಿತ್ರದ ಕೈಯ ಪಕ್ಕದಲ್ಲಿ ಹಿಡಿದು ನೋಡಿದಳು. ಅವಳ ಅಂಗೈ ಬಹಳ ದೊಡ್ಡದು. ಸ್ವಲ್ಪವನ್ನು ಡಬ್ಬಿಗೇ ಮರಳಿ ಸುರಿದಳು, ಮತ್ತೆ ನೋಡಿದಳು, ಇನ್ನೂ ಸ್ವಲ್ಪ ಸುರಿದಳು. ಹಿಂದಿನ ಬೆಂಚಿನಲ್ಲಿ ಕಲ್ಯಾಣಿ ಸಣ್ಣಗೆ "ತ್ಚ್" ಎಂದದ್ದು ಶ್ಯಾಮಸುಂದರನಿಗೆ ಕೇಳಿಸಿತು. ನಿಂಬೆಹಣ್ಣು ಹಿಂಡಿ, ಚಿತ್ರದಲ್ಲಿದ್ದ ಹಾಗೆ ಕೈಯಲ್ಲೇ ಕಲಸಿ, ಫ್ರೌ ಹಾಬರ್ ತನ್ನ ಏಪ್ರನ್ನಿನ ಜೇಬಿನಿಂದ ಚಮಚ ತೆಗೆದಳು.

"ಇಲ್ಲ. ಚಿತ್ರದಲ್ಲಿ ಚಮಚ ಇಲ್ಲ" ಎಂದರು ಲಿಂಡ್ನರ್.

ಫ್ರೌ ಹಾಬರ್ ಚಮಚ ಹಿಡಿದೇ ಶ್ಯಾಮಸುಂದರನ ಕಡೆ ತಿರುಗಿದಳು. "ರುಚಿ ನೋಡುವುದನ್ನು ಬರೆದಿಲ್ಲ ನೀನು. ಮರೆತೆಯಾ?"

ಮರೆತದ್ದಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ. ದೇವರ ಮುಂದಿಡುವ ಮೊದಲು ಅಡುಗೆಯನ್ನು ಬಾಯಿಗಿಟ್ಟರೆ ಎಂಜಲು. ಕಲ್ಯಾಣಿಯಾಗಲಿ, ಅವನ ತಾಯಿಯಾಗಲಿ, ಒಲೆಯ ಮುಂದೆ ನಿಂತು ರುಚಿ ನೋಡಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಡವರಿಸುತ್ತ ಅದನ್ನೇ ಹೇಳಿದ. ನಮ್ಮಲ್ಲಿ ಯಾರೂ ನೋಡುವುದಿಲ್ಲ, ಹಾಗೇ ಬಡಿಸುತ್ತಾರೆ.

"ಯಾವತ್ತೂ?"

"ಯಾವತ್ತೂ."

ಫ್ರೌ ಹಾಬರ್ ಚಮಚವನ್ನು ನಿಧಾನವಾಗಿ ಜೇಬಿಗಿಳಿಸಿದಳು. "ಮೂವತ್ತು ವರ್ಷದಲ್ಲಿ ನಾನು ರುಚಿ ನೋಡದೆ ಒಂದು ಪಾತ್ರೆಯನ್ನೂ ಹೊರಗೆ ಕಳಿಸಿಲ್ಲ. ಈ ಕೈ ಯಾರದೋ, ನನಗಿಂತ ದೊಡ್ಡವಳು ಅವಳು" ಎಂದು ಹೇಳಿ, ತಟ್ಟೆಗಳಿಗೆ ಬಡಿಸಿದಳು.

ಲಿಂಡ್ನರ್ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಫೋರ್ಕು ಕೆಳಗಿಟ್ಟರು. "ಸುವಾಸನೆ ಇದೆ, ಅನ್ನ ಅದ್ಭುತವಾಗಿದೆ. ಆದರೆ ಸಪ್ಪೆ. ಪೋಸ್ಟರು ಕೆಲಸ ಮಾಡಿಲ್ಲ." ಕೊನೆಯ ಚೌಕದ ಕಡೆ ನೋಡಿ ಕೇಳಿದರು, "ಈ ಆನೆಯ ಕೆಲಸ ಏನು? ಅದನ್ನು ತಿನ್ನುವುದು ಮೊದಲೋ, ಆಮೇಲೋ?"

ಎಲ್ಲರೂ ನಕ್ಕರು. ಲಿಂಡ್ನರ್ ಶ್ಯಾಮಸುಂದರನ ಚೀಟಿಯನ್ನು ಕೈಗೆತ್ತಿಕೊಂಡಿದ್ದರು. ವಿದ್ಯಾರ್ಥಿಯ ಹೆಸರು ಶ್ಯಾಮಸುಂದರ, ಕಲಿಸಿದವರ ಹೆಸರು ಲಿಂಡ್ನರ್, ಕೆಳಗಿನ ಸಾಲು ಖಾಲಿ. ಅದನ್ನು ಮಡಿಸಿದರೆ ಮುಗಿಯಿತು.

ಆಗ ಹಿಂದಿನ ಬೆಂಚು ಕಿರ್ರೆಂದಿತು. ಕಲ್ಯಾಣಿ ಕೈಚೀಲ ಗಂಡನಿಗೆ ಕೊಟ್ಟು ಎದ್ದಿದ್ದರು. ನೆಟ್ಟಗೆ ಒಲೆಯ ಹತ್ತಿರ ಹೋದರು, ಫ್ರೌ ಹಾಬರಳ ಮುಂದೆ ಕೈ ಚಾಚಿದರು. ಆ ಕೈಯನ್ನು ನೋಡಿದ ಫ್ರೌ ಹಾಬರ್ ಗೋಡೆಯ ಕಡೆ ನೋಡಿದಳು, ಮಚ್ಚೆ ನೋಡಿದಳು, ಉಪ್ಪಿನ ಡಬ್ಬಿ ಕೊಟ್ಟಳು. ಕಲ್ಯಾಣಿ ಬಂದು ಲಿಂಡ್ನರ್ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪಿಟ್ಟರು. ಪಕ್ಕದಲ್ಲಿ ಕೂತಿದ್ದ ಇತರ ಮೂವರು ಮೇಷ್ಟರ ತಟ್ಟೆಗಳಿಗೂ ಇಟ್ಟರು. ಎಲೆಯ ಮುಂದೆ ಕೂತ ನೆಂಟರಿಗೆ ಬಡಿಸುವ ಹಾಗೆ, ಆತುರವಿಲ್ಲದೆ.

ಶ್ಯಾಮಸುಂದರ ತಲೆಯ ಮೇಲೆ ಕೈಯಿಟ್ಟುಕೊಂಡ. ವರ್ಷಪೂರ್ತಿ ಪ್ರತಿ ಭಾನುವಾರ ಅವನ ತಟ್ಟೆಯಲ್ಲೂ ಇದೇ ಚಿಟಿಕೆ ಇತ್ತು. ಊರಿನಲ್ಲಿ ಎಲೆಯ ಮೂಲೆಯಲ್ಲೂ ಇತ್ತು. ಅದು ಏಕಿದೆಯೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಚಿತ್ರ ಕೆಡುತ್ತದೆಂದು ತನ್ನ ಬೆರಳಿನಿಂದಲೇ ಒರೆಸಿದ್ದ.

"ಇದೇನು?" ಎಂದು ಲಿಂಡ್ನರ್ ಕೇಳಿದರು.

ಕಲ್ಯಾಣಿ ಶ್ಯಾಮಸುಂದರನ ಕಡೆ ತಿರುಗಿದರು. "ಹೇಳಪ್ಪಾ ಅವ್ರಿಗೆ. ಅಡುಗೆ ಮಾಡಿದೋಳು ರುಚಿ ನೋಡಿಲ್ಲ ಅಂದ್ಮೇಲೆ ಹೆಚ್ಚುಕಮ್ಮಿ ಆಗ್ಬಹುದು. ಅದಕ್ಕೇ ಉಪ್ಪು ಎಲೆಗೆ ಬಡಿಸೋದು. ಊಟಕ್ಕೆ ಕೂತೋರು ಬೇಕಾದಷ್ಟು ಬೆರೆಸ್ಕೋತಾರೆ. ಅವ್ರೂ ಒಂದು ಕೈ ಹಾಕ್ದೇ ಅಡುಗೆ ಮುಗಿಯೋದು ಹೇಗೆ?"

ಅವನು ಜರ್ಮನಿನಲ್ಲಿ ಹೇಳಿದ. ಲಿಂಡ್ನರ್ ಉಪ್ಪನ್ನು ಫೋರ್ಕಿನಲ್ಲಿ ಬೆರೆಸಲು ಹೋದರು. ಕಲ್ಯಾಣಿ ಬೇಡವೆಂದು ತಲೆಯಾಡಿಸಿ ಬೆರಳು ತೋರಿಸಿದರು. ಅರವತ್ತು ವರ್ಷದ ಆ ಮನುಷ್ಯ ಕೋಟಿನ ತೋಳು ಮೇಲಕ್ಕೇರಿಸಿ ಕೈಯಲ್ಲಿ ಕಲಸಿಕೊಂಡು ತಿಂದರು. ತಟ್ಟೆ ಖಾಲಿಯಾಗುವವರೆಗೆ ತಿಂದರು. ಫ್ರೌ ಹಾಬರ್ ಪಾತ್ರೆಯಲ್ಲಿ ಉಳಿದದ್ದನ್ನು ನಿಂತಲ್ಲೇ ತಿನ್ನುತ್ತಿದ್ದಳು.

"ಆನೆಯನ್ನು ಕಳಿಸಿಬಿಡಿ" ಎಂದರು ಲಿಂಡ್ನರ್ ಕೈ ಒರೆಸಿಕೊಳ್ಳುತ್ತ. "ನಾಲ್ಕು ಗಂಟೆಯವರೆಗೆ ಸಮಯ ಇದೆ."

ಶ್ಯಾಮಸುಂದರ ಆನೆಯ ಮೇಲೆ ಬಿಳಿ ಹಾಳೆ ಅಂಟಿಸಿದ. ಕಲ್ಯಾಣಿ ಮೇಜಿನ ಮುಂದೆ ಕೂತು, ಖಾಲಿ ತಟ್ಟೆಯ ಅಂಚಿನ ಮೇಲೆ ಚಿಟಿಕೆ ಹಿಡಿದ ಮೂರು ಬೆರಳುಗಳನ್ನು ಅಲುಗಾಡದೆ ಇರಿಸಿಕೊಂಡರು. ಅವನು ಬರೆದ. ಆ ಮೂರು ಬೆರಳುಗಳಿಗಿಂತ ಚೆನ್ನಾದ ಚಿತ್ರವನ್ನು ಅವನು ಆಮೇಲೂ ಎಂದೂ ಬರೆಯಲಿಲ್ಲವೆಂದು ನನ್ನ ಅನಿಸಿಕೆ. ಬರೆಯಲು ಬರುವುದನ್ನಲ್ಲ, ಇದ್ದದ್ದನ್ನು ಬರೆದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಲಿಂಡ್ನರ್ ಬಂದು ನೋಡಿದರು. ಚೀಟಿ ತೆಗೆದರು. ರುಜು ಹಾಕಲು ಬಗ್ಗಿದವರು ನಿಂತು, ನಡುವಿನ ಸಾಲಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಒಂದು ಗೀಟು ಎಳೆದರು. "ಕಲಿಸಿದವರು ನಾನಲ್ಲ. ಈ ಮಹಿಳೆಯ ಹೆಸರೇನು?"

ಶ್ಯಾಮಸುಂದರ ಅದನ್ನು ಕನ್ನಡದಲ್ಲಿ ಹೇಳಿದಾಗ ಕಲ್ಯಾಣಿ ಗಾಬರಿಯಾದರು. "ಅಯ್ಯೋ, ನನ್ ಹೆಸರ್ಯಾಕೆ? ಚಿತ್ರಾನ್ನಕ್ಕೆಲ್ಲ ಹೆಸರು ಹಾಕ್ತಾರೇನು? ನಮ್ಮನೆಯವರ ಹೆಸರು ಹೇಳ್ಬಿಡೋ, ಡಾಕ್ಟರು ಅಂತ ಇದೆ, ನೋಡೋಕೂ ಚೆನ್ನಾಗಿರತ್ತೆ."

ಅಶ್ವತ್ಥನಾರಾಯಣರು ಹೆಂಡತಿಯ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮುಂದೆ ಬಂದರು. ಒಂಬತ್ತು ವರ್ಷದಿಂದ ಅವರ ಮನೆಯ ಬಾಗಿಲ ಬೆಲ್ಲಿನ ಪಕ್ಕದಲ್ಲಿ ಇದ್ದದ್ದು ಅವರೊಬ್ಬರದೇ ಹೆಸರು.

"ಕಲ್ಯಾಣಿ" ಎಂದರು, ಹಾಲಿಗೆಲ್ಲ ಕೇಳುವ ಹಾಗೆ.

"ಅಷ್ಟೇ ಸಾಕೇ? ಸರಿಯಾಗಿದೆಯೆ?" ಎಂದು ಲಿಂಡ್ನರ್ ಪೆನ್ನು ಹಿಡಿದು ಕೇಳಿದರು.

"ಸರಿಯಾಗಿದೆ" ಎಂದರು ಡಾಕ್ಟರರು ಜರ್ಮನಿನಲ್ಲಿ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕನ್ನಡದಲ್ಲಿ, ಅಷ್ಟೇ ಗಟ್ಟಿಯಾಗಿ ಹೇಳಿದರು, "ಅಂದಾಜಲ್ಲ ಕಣೇ."

ಲಿಂಡ್ನರ್ ಹೆಸರು ಬರೆದುಕೊಂಡು, ಕೆಳಗೆ ರುಜು ಹಾಕಿದರು.